ಆರು ಸೆಂಟಿಮೀಟರಿನ ಸ್ಪ್ರಿಂಗ್

ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುವ ನಾನು, ಬಲದ ಪಾಠವನ್ನು ಮೊದಲ ಕೆಲವು ವರ್ಷ ಕರಿಹಲಗೆಯ ಮೇಲೆ ಸೂತ್ರ ಬರೆದೇ ಆರಂಭಿಸುತ್ತಿದ್ದೆ. ಮಕ್ಕಳ ಲೆಕ್ಕಗಳು ಸರಿಯಾಗಿಯೇ ಇರುತ್ತಿದ್ದವು; ಆದರೆ ಬಾಗಿಲಿನ ಹಿಡಿಯನ್ನು ಬಿಜಾಗರಿಯಿಂದ ದೂರದಲ್ಲೇ ಏಕೆ ಇಡುತ್ತಾರೆಂದು ಕೇಳಿದಾಗ ‘ನೋಡಲು ಚಂದ, ಸರ್’ ಎಂಬ ಉತ್ತರ ಬಂತು. ಅಂದಿನಿಂದ ಅಳತೆ ಮೊದಲು, ಸೂತ್ರ ಆಮೇಲೆ.

ಈಗ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ತರಗತಿಯ ಬಾಗಿಲಿಗೇ ಸಿಕ್ಕಿಸಿ, ಬಾಗಿಲಿಗೆ ಲಂಬವಾಗಿ ಎಳೆಯಲು ಹೇಳುತ್ತೇನೆ. ಬಿಜಾಗರಿಯಿಂದ 80 ಸೆಂ.ಮೀ. ದೂರದಲ್ಲಿ 5 ನ್ಯೂಟನ್ ಬಲಕ್ಕೆ ಕದಲಿದ ಬಾಗಿಲು, 20 ಸೆಂ.ಮೀ. ದೂರದಲ್ಲಿ ಸುಮಾರು 20 ನ್ಯೂಟನ್ ಕೇಳಿತು. ಬಲವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ 4 ನ್ಯೂಟನ್ ಮೀಟರ್ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ಒತ್ತಡಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮೂರು ಕಿಲೋ ತೂಕದ ಇಟ್ಟಿಗೆಯನ್ನು ಮರಳಿನ ಮೇಲೆ ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ, ತೂಕ ಒಂದೇ ಆದರೂ ತಾಗುವ ಜಾಗ ಕಿರಿದಾದಾಗ ಕುಳಿ ಆಳವಾಗುವುದನ್ನು ನೋಡಿದರೆ ಸಾಕು. ತೆಂಗಿನಕಾಯಿ ಸುಲಿಯುವ ಸುಲಿಗೋಲಿನ ಮೊನೆಯನ್ನೂ ಉದಾಹರಣೆಯಾಗಿ ಕೊಟ್ಟಾಗ, ‘ಚುಚ್ಚಿದ ಮೇಲೆ ಕಾಯಿಯನ್ನು ತಿರುಚುತ್ತೇವಲ್ಲ, ಅದು ಬಾಗಿಲಿನ ಪಾಠವೇ ಅಲ್ಲವೇ ಸರ್?’ ಎಂದು ಹುಡುಗಿಯೊಬ್ಬಳು ಕೇಳಿದಳು. ನನಗೆ ಹೊಳೆಯದಿದ್ದ ಮಾತು ಅದು.

ಅತ್ಯಂತ ಹೆಚ್ಚು ಗೊಂದಲವಾಗುವುದು ಸ್ಪ್ರಿಂಗಿನಲ್ಲಿ. ತೂಕವಿಲ್ಲದಾಗ 6 ಸೆಂ.ಮೀ. ಇದ್ದ ಸ್ಪ್ರಿಂಗ್ 100 ಗ್ರಾಂ ತೂಗಿಸಿದಾಗ 8, 200 ಗ್ರಾಮಿಗೆ 10, 300 ಗ್ರಾಮಿಗೆ 12 ಸೆಂ.ಮೀ. ಆಯಿತು. ತೂಕ ಎರಡು ಪಟ್ಟಾದರೂ ಉದ್ದ ಎರಡು ಪಟ್ಟಾಗಲಿಲ್ಲ, ಆದ್ದರಿಂದ ತೂಕಕ್ಕೆ ತಕ್ಕ ಪ್ರಮಾಣದಲ್ಲೇ ಸ್ಪ್ರಿಂಗ್ ಹಿಗ್ಗುತ್ತದೆ ಎನ್ನುವ ಹುಕ್‌ನ ನಿಯಮವೇ ತಪ್ಪು ಎಂದು ಒಂದು ಗುಂಪು ಬರೆದುಕೊಟ್ಟಿತು. ನಾನು ತಿದ್ದಲಿಲ್ಲ, ಪ್ರತಿ ಅಳತೆಯಿಂದಲೂ ಮೊದಲಿನ 6ನ್ನು ಕಳೆದು ಇನ್ನೊಂದು ಕಂಬಸಾಲು ಬರೆಯಿರಿ ಎಂದಷ್ಟೇ ಹೇಳಿದೆ. 2, 4, 6 ಎಂದು ಬಂದಾಗ, ತೂಕದೊಂದಿಗೆ ಅದೇ ಪ್ರಮಾಣದಲ್ಲಿ ಬೆಳೆಯುವುದು ಸ್ಪ್ರಿಂಗಿನ ಉದ್ದವಲ್ಲ, ಅದು ಹಿಗ್ಗಿದ ಪ್ರಮಾಣ ಎಂಬುದು ಸ್ಪಷ್ಟವಾಯಿತು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಈ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿ, 1678ರಲ್ಲಷ್ಟೇ ಬಿಡಿಸಿ ಹೇಳಿದನೆಂಬ ಸಂಗತಿಯನ್ನು ನಾನು ಹೇಳುವುದು ಇದಾದ ಮೇಲೆಯೇ. ಮೊದಲೇ ಹೇಳಿದರೆ ಮಕ್ಕಳು ಒಗಟಿನ ಹಿಂದೆ ಹೋಗುತ್ತಾರೆ.

ಒಂದು ವರ್ಷ ಅವಸರದಲ್ಲಿ ನಾನೇ ಒಂದು ಕಿಲೋ ಕಲ್ಲನ್ನು ತೂಗಿಸಿಬಿಟ್ಟೆ. ಕಲ್ಲು ತೆಗೆದ ಮೇಲೂ ಸ್ಪ್ರಿಂಗ್ ಏಳೂವರೆ ಸೆಂಟಿಮೀಟರಿನಲ್ಲೇ ಉಳಿಯಿತು. ಸ್ಥಿತಿಸ್ಥಾಪಕತ್ವದ ಮಿತಿಯನ್ನು, ಎಂದರೆ ಯಾವ ಮಿತಿ ಮೀರಿ ಎಳೆದರೆ ಸ್ಪ್ರಿಂಗ್ ಮೊದಲಿನ ಉದ್ದಕ್ಕೆ ಮರಳುವುದಿಲ್ಲವೋ ಅದನ್ನು, ವಿವರಿಸಲು ಈಗ ಅದನ್ನು ಹೊಸ ಸ್ಪ್ರಿಂಗಿನ ಪಕ್ಕದಲ್ಲೇ ತೂಗುಹಾಕಿರುತ್ತೇನೆ.