ಸಿಗರೇಟು ಬಿಟ್ಟ ವರ್ಷದ ತೂಕದ ಲೆಕ್ಕ

ಸಿಗರೇಟು ಬಿಟ್ಟರೆ ಹೊಟ್ಟೆ ಬರುತ್ತದೆ ಎಂಬ ಭಯವೇ ನನ್ನನ್ನು ವರ್ಷಗಟ್ಟಲೆ ಸೇದಿಸಿತು ಎಂದರೆ ಪೂರ್ತಿ ಸುಳ್ಳಾಗದು. ಬಿಡದಿರಲು ಅದಕ್ಕಿಂತ ಸಭ್ಯವಾದ ನೆಪ ಬೇರೆ ಸಿಗುವುದಿಲ್ಲ. ಮುಂಬಯಿಯ ಮಾಟುಂಗದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂರುವವನಿಗೆ ಕೈ ಚಾಚಿದರೆ ವಡೆ, ಕೂಗಿದರೆ ಶಿರಾ. ಊರಿನಿಂದ ಬಂದು ಇದೇ ವ್ಯಾಪಾರದಲ್ಲಿರುವ ನನ್ನ ಪರಿಚಯದವರಲ್ಲಿ ಒಬ್ಬರು ಬಿಟ್ಟು ಆರು ತಿಂಗಳಾಗುವ ಮೊದಲೇ ಪ್ಯಾಂಟು ಬಿಗಿಯಾಯಿತೆಂದು ಮತ್ತೆ ಸೇದಲು ಶುರು ಮಾಡಿದ್ದನ್ನು ಕಣ್ಣಾರೆ ನೋಡಿದ್ದೆ. ಆದ್ದರಿಂದ ಬಿಡುವ ದಿನ ಗೊತ್ತುಮಾಡುವ ಮೊದಲು ಡಾಕ್ಟರ ಬಳಿ ಹೋಗಿ, ತೂಕ ಎಷ್ಟು ಏರಬಹುದು, ಯಾಕೆ ಏರುತ್ತದೆ ಎಂದು ನೇರವಾಗಿ ಕೇಳಿದೆ.

ಅವರು ಮುಚ್ಚುಮರೆ ಮಾಡಲಿಲ್ಲ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯನ್ನು ತುಸು ಹೆಚ್ಚಿಸುತ್ತದೆ. ಅದು ನಿಂತೊಡನೆ ಹಸಿವು ಮರಳುತ್ತದೆ, ಖರ್ಚು ಇಳಿಯುತ್ತದೆ. ಯಾವ ಔಷಧದ ನೆರವೂ ಇಲ್ಲದೆ ಬಿಟ್ಟವರ ತೂಕ ವರ್ಷದೊಳಗೆ ಸರಾಸರಿ 4ರಿಂದ 5 ಕಿಲೊ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಸೇರುತ್ತದೆ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯಲ್ಲಿ ಶೇ. 13ರಷ್ಟು ಜನ 10 ಕಿಲೊಗಿಂತ ಹೆಚ್ಚು ಏರಿದ್ದರೆ, ಶೇ. 16ರಷ್ಟು ಜನರ ತೂಕ ಇಳಿದಿತ್ತು. ಸರಾಸರಿಯ ಅಂಕಿಗಿಂತ ಈ ಹರವು ನನಗೆ ಹೆಚ್ಚು ಧೈರ್ಯ ಕೊಟ್ಟಿತು. ಸಿಗರೇಟು ಬಿಟ್ಟು ಒಂದು ವರ್ಷವಾದರೆ ಅದರಿಂದ ಬರುವ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದನ್ನು ಇನ್ನೊಂದು ತಟ್ಟೆಗೆ ಹಾಕಿದರೆ ನಾಲ್ಕು ಕಿಲೊ ಭಾರವೆನಿಸದು.

ಮೊದಲ ಮೂರು ತಿಂಗಳು ಪಥ್ಯದ ಗೋಜಿಗೆ ಹೋಗಬಾರದೆಂದು ನಿಶ್ಚಯಿಸಿದೆ. ಹೊಟ್ಟೆ ಖಾಲಿ ಇಟ್ಟುಕೊಂಡವನಿಗೆ ಸೇದುವ ತುಡಿತ ಯಾವುದು, ಹಸಿವು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ, ಮತ್ತು ಎರಡೂ ಒಟ್ಟಿಗೆ ಬಂದಾಗ ಗೆಲ್ಲುವುದು ಸಾಮಾನ್ಯವಾಗಿ ಸಿಗರೇಟೇ. ಹಾಗಾಗಿ ಮೂರು ಹೊತ್ತಿನ ಊಟ ತಿಂಡಿಯನ್ನು ಮುಟ್ಟಲಿಲ್ಲ. ಸಿಗರೇಟು ಹಿಡಿಯುತ್ತಿದ್ದ ಸಮಯಗಳಲ್ಲಿ ಬಾಯಿಗೆ ಏನು ಹೋಗುತ್ತದೆ ಎಂಬುದನ್ನಷ್ಟೇ ಕಾವಲು ಕಾದೆ.

ಆ ಕಾವಲಿನಲ್ಲಿ ಮೊದಲು ಸಿಕ್ಕಿಬಿದ್ದದ್ದು ಗಲ್ಲಾದ ಮೇಲಿನ ಬಡಿಶೇಪು. ಊಟ ಮುಗಿಸಿದ ಗಿರಾಕಿಗಳಿಗೆಂದು ಇಡುವ ಬಣ್ಣಬಣ್ಣದ ಸಕ್ಕರೆ ಲೇಪದ ಸೋಂಪು ನನ್ನ ಬಲಗೈಗೆ ಗೇಣು ದೂರದಲ್ಲಿರುತ್ತಿತ್ತು. ಹಿಂದೆ ನೋಟು ಎಣಿಸಿ ಚಿಲ್ಲರೆ ಕೊಡುವುದರಲ್ಲಿ ಕೈ ಬಿಡುವಾಗುತ್ತಿರಲಿಲ್ಲ. ಈಗ ಎಲ್ಲರೂ ಫೋನು ತೋರಿಸಿ ದುಡ್ಡು ಕಟ್ಟಿ ಹೋಗುವುದರಿಂದ ಗಲ್ಲಾದವನ ಕೈಗೆ ಕೆಲಸವೇ ಇಲ್ಲ, ಇದು ನಮ್ಮ ಕಸುಬಿಗೆ ಬಂದ ಹೊಸ ಆಪತ್ತು. ಒಂದು ಮಧ್ಯಾಹ್ನ ಹುಡುಗನೊಬ್ಬ ಬಟ್ಟಲು ತುಂಬಿಸುತ್ತಾ, "ಅಣ್ಣಾ, ಇವತ್ತು ಇದು ಮೂರನೆಯ ಸಲ" ಎಂದ. ಅಂದಿನಿಂದ ಬಟ್ಟಲು ಬಾಗಿಲ ಬಳಿಯ ಮೇಜಿಗೆ ಹೋಯಿತು, ನನ್ನ ಕಿಸೆಯಲ್ಲಿ ಲವಂಗದ ಪೊಟ್ಟಣ ಕೂತಿತು. ತುಡಿತ ಹೆಚ್ಚೆಂದರೆ ಕೆಲವು ನಿಮಿಷದ್ದು. ಒಂದು ಲವಂಗ ಅಷ್ಟು ಹೊತ್ತು ಬಾಯನ್ನು ಸುಮ್ಮನಿರಿಸುತ್ತದೆ.

ಡಾಕ್ಟರು ಬರೆದುಕೊಟ್ಟ 2 ಮಿಲಿಗ್ರಾಮ್ ನಿಕೋಟಿನ್ ಗಮ್‌ನಿಂದ ನಾನು ನಿರೀಕ್ಷಿಸದ ಇನ್ನೊಂದು ಉಪಕಾರವಾಯಿತು. ಅದನ್ನು ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಾಲಿಗೆಗೆ ಚುರುಚುರು ಎನಿಸುವವರೆಗೆ ನಿಧಾನವಾಗಿ ಜಗಿದು ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿಕೊಳ್ಳಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು, ಹೀಗೆ ಅರ್ಧ ಗಂಟೆ. ಚಹಾ ಕಾಫಿ ಕುಡಿದ ಬಾಯಿಯಲ್ಲಿ ನಿಕೋಟಿನ್ ಸರಿಯಾಗಿ ಹೀರುವುದಿಲ್ಲವಾದ್ದರಿಂದ ಗಮ್ ಹಾಕುವ 15 ನಿಮಿಷ ಮೊದಲಿನಿಂದ ಮುಗಿಯುವವರೆಗೆ ಅವುಗಳನ್ನು ಮುಟ್ಟುವಂತಿಲ್ಲ. ಸಿಗರೇಟಿನ ಜೊತೆಗೇ ಬರುತ್ತಿದ್ದ ಕಟಿಂಗ್ ಚಹಾಗಳಲ್ಲಿ, ಅಂದರೆ ಅರ್ಧ ಲೋಟದ ಚಹಾಗಳಲ್ಲಿ, ಅರ್ಧಕ್ಕರ್ಧ ಇದರಿಂದಲೇ ನಿಂತವು. ಒಂದು ಚಮಚ ಸಕ್ಕರೆಗೆ ಸುಮಾರು 20 ಕ್ಯಾಲೊರಿ. ದಿನವಿಡೀ ಚಹಾ ಕುಡಿಯುವವನಿಗೆ ಇದು ಸಣ್ಣ ಉಳಿತಾಯವಲ್ಲ. ಗಮ್ ಬಳಸುವಷ್ಟು ಕಾಲ ತೂಕ ಏರುವುದೂ ತುಸು ನಿಧಾನವಾಗುತ್ತದೆ.

ಯಾರೂ ಹೇಳದೆ ನಾನೇ ಕಂಡುಕೊಂಡ ಸಂಗತಿಯೊಂದಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ 2008ರ ಅಕ್ಟೋಬರ್ 2ರಿಂದ ಬಿಗಿಯಾದ ಮೇಲೆ ಒಂದೊಂದು ಸಿಗರೇಟಿಗೂ ನಾನು ಎದ್ದು ಹಿಂದಿನ ಗಲ್ಲಿಯ ಪಾನ್ ಅಂಗಡಿಯವರೆಗೆ ನಡೆಯುತ್ತಿದ್ದೆ. ಸಿಗರೇಟು ಬಿಟ್ಟಾಗ ಕುರ್ಚಿಯಿಂದ ಏಳುವ ಆ ಕಾರಣವೂ ಹೋಯಿತು. ತೂಕ ಏರುವುದರಲ್ಲಿ ಇದರದ್ದೂ ಪಾಲಿರಬೇಕೆಂದು ನನ್ನ ಎಣಿಕೆ. ಹಾಗಾಗಿ ಏಳುವ ಹೊತ್ತುಗಳನ್ನು ಉಳಿಸಿಕೊಂಡು ದಿಕ್ಕು ಮಾತ್ರ ಬದಲಿಸಿದೆ. ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿಗೆ ಜನ ಸೇರುವ ಮೊದಲು ಗಲ್ಲಾವನ್ನು ಭಾವನಿಗೆ ಒಪ್ಪಿಸಿ ಫೈವ್ ಗಾರ್ಡನ್ಸ್ ಕಡೆಗೆ ನಡೆದು, ಮರಗಳ ನೆರಳಲ್ಲಿ ಒಂದು ಸುತ್ತು ಹಾಕಿ ಬರತೊಡಗಿದೆ. ಮಳೆಗಾಲದಲ್ಲಿ ಇದು ತಪ್ಪುತ್ತದೆ, ಆಗ ರೈಲ್ವೆ ಸೇತುವೆಯ ಮೆಟ್ಟಿಲೇ ಗತಿ.

ನಾಲಿಗೆ ಮರಳಿದ್ದು ಮಾತ್ರ ಸಂತೋಷದ ಜೊತೆಗೆ ಕಷ್ಟವನ್ನೂ ತಂದಿತು. ಕೆಲವೇ ವಾರಗಳಲ್ಲಿ ಸಾಂಬಾರಿನ ಇಂಗು, ತುಪ್ಪದ ಪರಿಮಳ ಗಲ್ಲಾದವರೆಗೂ ತಿಳಿಯತೊಡಗಿದವು. "ಶೆಟ್ರೇ, ಇಷ್ಟು ವರ್ಷ ನೀವು ರುಚಿ ನೋಡದೆಯೇ ಚೆನ್ನಾಗಿದೆ ಅಂದದ್ದೋ?" ಎಂದು ನಮ್ಮ ಭಟ್ಟರು ಕೇಳಿದರು. ರುಚಿ ನೋಡುವ ನೆಪದಲ್ಲಿ ಬಟ್ಟಲುಗಟ್ಟಲೆ ಒಳಗೆ ಹೋಗುವುದನ್ನು ತಡೆಯಲು ಒಂದೇ ಚಮಚ, ಅದೂ ಅಡುಗೆಮನೆಯಲ್ಲಿ ನಿಂತುಕೊಂಡೇ ಎಂಬ ಕಟ್ಟಳೆ ಹಾಕಿಕೊಂಡೆ. ಹೋಟೆಲು ಮುಚ್ಚಿದ ಮೇಲೆ ಹನ್ನೊಂದಕ್ಕೆ ಉಣ್ಣುವುದನ್ನು ಬಿಟ್ಟು ರಾತ್ರಿಯ ಗಿರಾಕಿಗಳು ಬರುವ ಮೊದಲೇ ಎರಡು ಚಪಾತಿ, ಪಲ್ಯ ಮುಗಿಸುವ ಅಭ್ಯಾಸಕ್ಕೆ ಮನೆಯವಳು ಒಪ್ಪಲು ಸ್ವಲ್ಪ ಕಾಲ ಹಿಡಿಯಿತು.

ತೂಕವನ್ನು ವಾರಕ್ಕೊಮ್ಮೆ ಮಾತ್ರ, ಬೆಳಿಗ್ಗೆ ಸ್ನಾನಕ್ಕೆ ಮುಂಚೆ ನೋಡಿದೆ. ದಿನಾ ನೋಡುವವನಿಗೆ ಉಪ್ಪು, ನೀರು, ಮಲಬದ್ಧತೆಯಿಂದಾಗುವ ಏರಿಳಿತವೂ ಕೊಬ್ಬಿನಂತೆ ಕಾಣುತ್ತದೆ, ಮತ್ತು ಸಿಗರೇಟು ಬಿಟ್ಟ ಹೊಸತರಲ್ಲಿ ಮಲಬದ್ಧತೆ ಅನೇಕರನ್ನು ಕಾಡುತ್ತದೆ. ತೂಕಕ್ಕಿಂತ ಟೇಪು ಮುಖ್ಯ ಎಂದು ಡಾಕ್ಟರು ಹೇಳಿದ್ದರು: ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನನ್ನ ತೂಕ ಮೊದಲ ಕೆಲವು ತಿಂಗಳಲ್ಲಿ ನಾಲ್ಕು ಕಿಲೊದಷ್ಟು ಏರಿ ನಿಂತಿತು. ಚಟದ ಸೆಳೆತ ಸಡಿಲಾದ ಮೇಲೆ, ಅಂದರೆ ಗಮ್ ಕೂಡ ಬಿಟ್ಟ ನಂತರ, ಅನ್ನ ತಗ್ಗಿಸಿ ಹೆಸರುಕಾಳಿನ ಉಸಳ್, ಕೋಸಂಬರಿ ಹೆಚ್ಚಿಸಿದೆ. ಎರಡು ಕಿಲೊ ಇಳಿಯಿತು, ಉಳಿದೆರಡು ನನ್ನ ಬಳಿಯೇ ಇವೆ. ಸಂಘದ ಕಾರ್ಯಕ್ರಮಗಳಲ್ಲಿ "ದಪ್ಪ ಆಗಿದ್ದೀರಲ್ಲ" ಎನ್ನುವವರಿಗೆ ಹೌದು ಎಂದಷ್ಟೇ ಹೇಳುತ್ತೇನೆ.

ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಅದು ಇರುವವರು ಬಿಡುವ ಮೊದಲೇ ಡಾಕ್ಟರನ್ನು ಕಾಣುವುದು ಒಳ್ಳೆಯದು, ಏಕೆಂದರೆ ತೂಕ ಹೆಚ್ಚು ಏರಿದವರಲ್ಲಿ ಮೊದಲ ಕೆಲವು ವರ್ಷ ಮಧುಮೇಹದ ಸಂಭವ ತುಸು ಹೆಚ್ಚುತ್ತದೆ. ಹಾಗಿದ್ದರೂ ಹೃದಯಕ್ಕಾಗುವ ಲಾಭ ಕಳೆದುಹೋಗುವುದಿಲ್ಲ. ನಾನು ವರ್ಷಕ್ಕೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ ಮಾಡಿಸುತ್ತೇನೆ, ಶೇ. 5.7ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. ಡಾಕ್ಟರ ಬಳಿ ಹೋಗಲು ಬಿಡುವಿಲ್ಲದವರಿಗೆ ಸಿಗರೇಟಿನ ಪ್ಯಾಕಿನ ಮೇಲೆಯೇ ಸರ್ಕಾರದ ಸಹಾಯವಾಣಿ 1800-11-2356 ಅಚ್ಚಾಗಿರುತ್ತದೆ. ಕರೆ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ, ತೂಕದ ಭಯವನ್ನು ಅವರಲ್ಲಿಯೂ ಧಾರಾಳವಾಗಿ ಹೇಳಿಕೊಳ್ಳಬಹುದು.