ಬಗ್ಗಿಸಿದರೆ ಬಿರಿಯುತ್ತಿದ್ದ ಅಲ್ಯೂಮಿನಿಯಂ ಪಟ್ಟಿ: ನನ್ನ ಅನುಭವ

ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಅಂದರೆ ಪಲ್ಪರ್‌ಗೆ 3 ಮಿ.ಮೀ. ದಪ್ಪದ 6061-ಟಿ6 (ಕಾಯಿಸಿ ಗಡಸು ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ) ಪಟ್ಟಿಯಲ್ಲಿ ಎಲ್ ಆಕಾರದ ಬ್ರಾಕೆಟ್ ಬೇಕಿತ್ತು. 90 ಡಿಗ್ರಿ ಬಗ್ಗಿಸುವಷ್ಟರಲ್ಲಿ ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತಿತ್ತು. ಟಿ6 ಹದದಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಸೇರಿದ ಸೂಕ್ಷ್ಮ ಕಣಗಳು ಲೋಹವನ್ನು ಬಿಗಿಹಿಡಿದಿರುತ್ತವೆ, ಹಿಗ್ಗಲು ಬಿಡುವುದಿಲ್ಲ.

ಮಡಿಕೆಯ ಗೆರೆ ಮೇಲೆ ಬಟ್ಟೆ ಸೋಪು ಉಜ್ಜಿ, ಹಿಂಬದಿಯಿಂದ ಗ್ಯಾಸ್ ಟಾರ್ಚ್ ಆಡಿಸುತ್ತಾ ಕಾಯಿಸಿದೆ. ಟಾರ್ಚ್ ಒಂದೇ ಕಡೆ ನಿಲ್ಲಕೂಡದು. ಸೋಪು ಕಂದಾಗಿ, ಕಪ್ಪಿಗೆ ತಿರುಗಿದ ಕೂಡಲೇ ಉರಿ ತೆಗೆಯಬೇಕು. ಕಬ್ಬಿಣದಂತೆ ಕೆಂಪಗಾಗಲಿ ಎಂದು ಕಾದರೆ ಕೆಲಸ ಕೆಟ್ಟಿತು: ಅಲ್ಯೂಮಿನಿಯಂ ಬಣ್ಣ ತೋರಿಸದೆಯೇ ಕುಸಿಯುತ್ತದೆ, 6061 ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ತಣಿದ ಮೇಲೆ, ಒಳತ್ರಿಜ್ಯ 6 ಮಿ.ಮೀ. ಇಟ್ಟು ಬಗ್ಗಿಸಿದಾಗ ಮಡಿಕೆ ನುಣುಪಾಗಿ ಬಂತು.

ಇದು ಅರೆ ಅನೀಲಿಂಗ್ (ಕಾಯಿಸಿ ಮೆತ್ತಗಾಗಿಸುವುದು) ಅಷ್ಟೇ. ಪೂರ್ತಿ ಮೆತ್ತಗಾಗಬೇಕಾದರೆ ಫರ್ನೇಸ್‌ನಲ್ಲಿ 415 ಡಿಗ್ರಿಯಲ್ಲಿ 2–3 ಗಂಟೆ ಇಟ್ಟು, 260 ಡಿಗ್ರಿವರೆಗೆ ಗಂಟೆಗೆ ಹೆಚ್ಚೆಂದರೆ 28 ಡಿಗ್ರಿಯಂತೆ ಇಳಿಸಬೇಕು.

ಮೆತ್ತಗಾದ ಮಡಿಕೆ ಪಲ್ಪರ್‌ನ ಅದುರುವಿಕೆಗೆ ತಡೆಯುವುದಿಲ್ಲ. ಅದಕ್ಕೆ ಬಗ್ಗಿಸಿದ ಬ್ರಾಕೆಟ್ಟನ್ನು 530 ಡಿಗ್ರಿಯಲ್ಲಿ 40 ನಿಮಿಷ ಇಟ್ಟು, ಕೆಲವೇ ಸೆಕೆಂಡುಗಳಲ್ಲಿ ತಣ್ಣೀರಿಗೆ ಮುಳುಗಿಸಿದೆ. ಇಲ್ಲಿ ತಡವಾದರೆ ಮುಂದೆ ಗಡಸುತನ ಬರದು. ನೀರಿನಲ್ಲಿ ಸೊಟ್ಟಗಾದುದನ್ನು ಆಗಲೇ, ಲೋಹ ಇನ್ನೂ ಮೆತ್ತಗಿರುವಾಗಲೇ ನೇರ ಮಾಡಿ, ಮತ್ತೆ ಗಡಸಾಗಲೆಂದು 175 ಡಿಗ್ರಿಯಲ್ಲಿ 8 ಗಂಟೆ ಇಟ್ಟೆ. ಮಲೆನಾಡಿನ ಮಳೆಗಾಲದಲ್ಲಿ ಪಟ್ಟಿಯನ್ನು ಒರೆಸಿ, ಒಣಗಿಸಿಯೇ ಫರ್ನೇಸಿಗೆ ಹಾಕಿ. ತೇವ ಉಳಿದರೆ ಹೈಡ್ರೋಜನ್ ಒಳಸೇರಿ ಮೈಮೇಲೆ ಬೊಬ್ಬೆ ಏಳುತ್ತವೆ.