288ಕ್ಕೆ ನಿಂತಿದ್ದ ಥಿಂಕ್‌ಪ್ಯಾಡ್ 544ಕ್ಕೆ ಏರಿದ ಬಗೆ: ನನ್ನ ಅನುಭವ

ಐಬಿಎಂ ಥಿಂಕ್‌ಪ್ಯಾಡ್ 600ಇ ಲ್ಯಾಪ್‌ಟಾಪಿಗೆ 288 ಎಂಬಿಗಿಂತ ಹೆಚ್ಚು ಮೆಮರಿ ಹಾಕಲು ಬರುವುದಿಲ್ಲ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಬಳ್ಳಾರಿಯ ರಿಪೇರಿ ಗೆಳೆಯರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೂ ಅದನ್ನೇ ಹೇಳಿದ್ದರು. ಈಗ ನನ್ನ ಮೇಜಿನ ಮೇಲಿರುವ 600ಇ 544 ಎಂಬಿ ತೋರಿಸುತ್ತಿದೆ, ಆರೇಳು ತಿಂಗಳಿಂದ ದಿನವಿಡೀ ದುಡಿಯುತ್ತಲೂ ಇದೆ. ಅಂದು ನಕ್ಕವರೇ ಇಂದು ತಮ್ಮ ಯಂತ್ರಗಳನ್ನು ಹೊತ್ತುಕೊಂಡು ಬರುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕಗಳಿಗೆ ನಾನು ಎಂಬ್ರಾಯ್ಡರಿ ಡಿಸೈನ್ ಮಾಡಿಕೊಡುತ್ತೇನೆ. ನನ್ನ ಸಾಫ್ಟ್‌ವೇರ್ ವಿಂಡೋಸ್ 98ರಲ್ಲಿ ಮಾತ್ರ ನಡೆಯುತ್ತದೆ. ಅದು ನಡೆಯಲು ಬೇಕಾದ ಕೀಲಿಯಂಥ ಸಾಧನ, ಡಾಂಗಲ್, ಹಳೆಯ ಪ್ರಿಂಟರುಗಳ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥದು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ಲುಗಳು ಪ್ರಿಂಟರಿಗೆ ಸರಿ, ನನ್ನ ಡಾಂಗಲನ್ನು ಅವು ಕಣ್ಣೆತ್ತಿಯೂ ನೋಡಲಿಲ್ಲ. ಹಿಂಜೇಬಿನ ಸಣ್ಣ ಡಿಸೈನಿಗೆ ಮೊದಲಿದ್ದ 96 ಎಂಬಿ ಸಾಕಾಗುತ್ತಿತ್ತು. ಆದರೆ ಪ್ಯಾಂಟಿನ ಕಾಲುದ್ದಕ್ಕೂ ಹಬ್ಬುವ ಬಳ್ಳಿಯ ಸ್ಕ್ಯಾನ್ ಚಿತ್ರವನ್ನು ಹಿನ್ನೆಲೆಯಲ್ಲಿಟ್ಟು ಹೊಲಿಗೆ ಬಿಡಿಸಲು ಕುಳಿತರೆ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತ, ಒಂದೊಂದು ಜೂಮಿಗೂ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು.

ಎಸ್.ಪಿ. ರಸ್ತೆಯಿಂದ ತಂದ ಮೊದಲ ಜೋಡಿ ಮೆಮರಿ ಸ್ಟಿಕ್ಕುಗಳು ಪಿಸಿ133 ಎಂಬ ಬಗೆಯವು, 144 ಪಿನ್, ತಲಾ 256 ಎಂಬಿ. ಜೋಡಿಗೆ ಒಂಬೈನೂರು ರೂಪಾಯಿಯ ಸುಮಾರು. ಆನ್ ಮಾಡಿದಾಗ ಪರದೆಯ ಮೂಲೆಯಲ್ಲಿ ಓಡುವ ಎಣಿಕೆ ಎರಡು ಲಕ್ಷ ತೊಂಬತ್ತನಾಲ್ಕು ಸಾವಿರ ಕೆಬಿಯ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಎಂದರೆ ಅದೇ 288 ಎಂಬಿ. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು, "ಬುಕ್ಕಿನಾಗ ಬರ್ದಿದ್ದು ಸುಳ್ಳಾಕ್ಕತೇನ್ರಿ?" ಎಂದು ನಕ್ಕು ಎದ್ದುಹೋದರು.

ಎಲ್ಲರೂ ಮೋಸಹೋಗುವುದು ಇಲ್ಲೇ. ಬೋರ್ಡಿನಲ್ಲಿ ಬೆಸುಗೆಯಾಗಿರುವುದು 32 ಎಂಬಿ. ಎರಡು ಸ್ಲಾಟುಗಳಲ್ಲಿ ತಲಾ 128 ಎಂದು ಲೆಕ್ಕ ಹಿಡಿದು ಕೈಪಿಡಿ 288 ಎಂದಿದೆ. ನನ್ನ ಸ್ಟಿಕ್ಕುಗಳು 256ರವಾದರೂ ಅರ್ಧರ್ಧವೇ ಕಂಡದ್ದರಿಂದ ಮೊತ್ತ ಅದೇ ಅಂಕಿಗೆ ಬಂದು ನಿಂತಿತು. ಆ ಅರ್ಧಕ್ಕೆ ಕಾರಣ ಲ್ಯಾಪ್‌ಟಾಪಿನ ಮಿತಿಯಲ್ಲ, ಸ್ಟಿಕ್ಕಿನ ಮೇಲಿದ್ದ ಚಿಪ್‌ಗಳು. ಈ ಲ್ಯಾಪ್‌ಟಾಪಿನಲ್ಲಿ ಮೆಮರಿಯನ್ನು ನಿಭಾಯಿಸುವ ಇಂಟೆಲ್ 440 ಬಿಎಕ್ಸ್ ಚಿಪ್‌ಸೆಟ್ 128 ಮೆಗಾಬಿಟ್ಟಿನ (ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಚಿಪ್‌ಗಳವರೆಗೆ ಸರಿಯಾಗಿ ಓದುತ್ತದೆ. ಎಂಟೇ ಚಿಪ್‌ಗಳಲ್ಲಿ 256 ಎಂಬಿ ತುಂಬಿದ ಸ್ಟಿಕ್ಕಿನಲ್ಲಿರುವುದು 256 ಮೆಗಾಬಿಟ್ಟಿನವು. ಅದೇ ಜೋಡಿಯನ್ನು ಗೆಳೆಯನ ಬಳಿಯಿದ್ದ, ಆಮೇಲಿನ ಮಾದರಿಯಾದ ಥಿಂಕ್‌ಪ್ಯಾಡ್ ಟಿ23ಗೆ ಹಾಕಿದೆ. ಎರಡೂ ಪೂರ್ತಿ 256 ತೋರಿಸಿದವು.

ಹಾಗಾಗಿ ಬೇಕಿದ್ದುದು ಬದಿಗೆ ಎಂಟರಂತೆ ಹದಿನಾರು ಚಿಪ್‌ಗಳ ಸ್ಟಿಕ್. ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ಅಕ್ಷರ ಓದಬೇಕು: ಸ್ಯಾಮ್‌ಸಂಗ್ ಆದರೆ ಕೆ4ಎಸ್28 ಎಂದು ಶುರುವಾದರೆ ಹಿಡಿಯಿರಿ, ಕೆ4ಎಸ್56 ಎಂದಿದ್ದರೆ ಬಿಡಿ. ಆನ್‌ಲೈನಿನಲ್ಲಿ ಒಬ್ಬರು ಹದಿನಾರರ ಫೋಟೋ ಹಾಕಿ ಎಂಟರದನ್ನು ಕಳಿಸಿದರು; ಜಗಳವಾಡಿ ಹಣ ವಾಪಸ್ ಪಡೆದೆ, ಕೊರಿಯರ್ ಖರ್ಚು ಮಾತ್ರ ಹೋಯಿತು. ಕೊನೆಗೆ ಒಂದು ಸ್ಟಿಕ್ ಹೊಸಪೇಟೆಯ ಗುಜರಿಯಲ್ಲಿ ಸತ್ತ ಲ್ಯಾಪ್‌ಟಾಪಿನೊಳಗೆ ಸಿಕ್ಕಿತು, ಇನ್ನೊಂದು ಬೆಂಗಳೂರಿನಿಂದ ಬಂತು. ಎರಡಕ್ಕೂ ಸೇರಿ ಸಾವಿರದ ಎಂಟುನೂರರ ಹತ್ತಿರ ಬಿತ್ತು. ಬೆಂಗಳೂರಿನ ಆ ಅಂಗಡಿ ಯಾವುದೆಂದು ದಯವಿಟ್ಟು ಕೇಳಬೇಡಿ.

ಎಣಿಕೆ ಐದೂವರೆ ಲಕ್ಷ ಕೆಬಿ ದಾಟಿತು, ಎಂದರೆ 544 ಎಂಬಿ. ಆದರೆ ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಸಾಫ್ಟ್‌ವೇರ್ ರಾತ್ರಿಯಿಡೀ ಓಡಿದ ಮೇಲೆ ಬೆಳಿಗ್ಗೆ ದೋಷ ತೋರಿಸುವ ಕೆಂಪು ಸಾಲುಗಳು ಕಂಡವು. ನಮ್ಮೂರಿನ ಗಣಿ ಧೂಳು ಸ್ಲಾಟಿನ ಹಲ್ಲುಗಳಲ್ಲಿ ಕುಳಿತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿದ ಮೇಲೆ ಬಹುಪಾಲು ದೋಷ ಹೋಯಿತು. ಉಳಿದದ್ದು ಮೇ ತಿಂಗಳ ಮಧ್ಯಾಹ್ನದ ಸೆಕೆಗೆ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಅದನ್ನು ನಿಲ್ಲಿಸಿದ ಕೈಚಳಕದಿಂದ ನನಗೆ ಇನ್ನೂ ನಾಲ್ಕು ಕಾಸು ಹುಟ್ಟುವುದಿದೆಯಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಇಷ್ಟಾದ ಮೇಲೆ ವಿಂಡೋಸ್ 98 ಮೆಮರಿ ಸಾಲದು ಎಂದು ದೂರಿ ಶುರುವಾಗಲೇ ಒಲ್ಲೆನೆಂದಿತು. 512 ಎಂಬಿ ದಾಟಿದರೆ, ಡಿಸ್ಕಿನಿಂದ ಓದಿದ್ದನ್ನು ಮೆಮರಿಯಲ್ಲಿ ಇಟ್ಟುಕೊಳ್ಳುವ ಅದರ ವಿಕ್ಯಾಶ್ ಹಿಗ್ಗುತ್ತ ಹೋಗಿ ವಿಳಾಸದ ಜಾಗವನ್ನೆಲ್ಲ ತಾನೇ ನುಂಗಿಬಿಡುತ್ತದೆ. ವಿಂಡೋಸ್ ಬಳಸುವ ಮೆಮರಿಗೆ ಮಿತಿ ಹಾಕುವ ಮ್ಯಾಕ್ಸ್‌ಫಿಜ್‌ಪೇಜ್ ಸಾಲು ಸೇರಿಸಿ 512ಕ್ಕೇ ಕಟ್ಟಿಹಾಕಿ ಎಂದು ಕೆಲವರ ಸಲಹೆ. ದುಡ್ಡು ಕೊಟ್ಟ 32 ಎಂಬಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ವಿಂಡೋಸಿನ ಸೆಟ್ಟಿಂಗುಗಳಿರುವ ಸಿಸ್ಟಮ್ ಐಎನ್ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್‌ಗೆ ಮಿತಿ ಹಾಕಿದರೆ ಸಾಕು. 512 ಎಂಬಿ ಅಥವಾ ಅದಕ್ಕಿಂತ ಕಡಿಮೆ ಎಂಬುದು ನಿಯಮ. ನಾನಿಟ್ಟದ್ದು ಬಹಳ ಕಡಿಮೆ.

ನಡುವೆ ಹಾರ್ಡ್ ಡಿಸ್ಕ್ ತೆಗೆದು 4 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು 44 ಪಿನ್ನಿನ ಅಡಾಪ್ಟರಿನಲ್ಲಿ ಕೂರಿಸಿಯೂ ನೋಡಿದೆ. 96 ಎಂಬಿ ಇದ್ದಾಗ ಈ ಪ್ರಯೋಗ ಸೋತಿತ್ತು, ಏಕೆಂದರೆ ಮೆಮರಿಯಲ್ಲಿ ಹಿಡಿಸದ್ದನ್ನು (ಸ್ವಾಪ್) ಬರೆಯುವಾಗ ಕಾರ್ಡ್ ಡಿಸ್ಕಿಗಿಂತಲೂ ತೆವಳುತ್ತಿತ್ತು. 544 ಆದ ಮೇಲೆ ಸ್ವಾಪಿನ ಗೊಡವೆ ತಪ್ಪಿ ಅದೇ ಕಾರ್ಡ್ ಸದ್ದಿಲ್ಲದೆ, ತಣ್ಣಗೆ ನಡೆಯುತ್ತಿದೆ. ಒಂದೇ ತೊಡಕೆಂದರೆ, ಯಂತ್ರ ಆರಿಸುವಾಗ ಮೆಮರಿಯಲ್ಲಿರುವುದನ್ನೆಲ್ಲ ಉಳಿಸಿಡುವ ಹೈಬರ್ನೇಷನ್ ಕಡತವನ್ನು ಹೊಸ ಮೆಮರಿಗೆ ತಕ್ಕಂತೆ ಮತ್ತೆ ಮಾಡಬೇಕು. ಅದು ಅರ್ಧ ಜಿಬಿಗಿಂತ ಹೆಚ್ಚು ಜಾಗ ಕೇಳುತ್ತದೆಯಾದ್ದರಿಂದ ಆ ಸೌಲಭ್ಯವನ್ನೇ ಕೈಬಿಟ್ಟೆ.

ಒಟ್ಟು ಖರ್ಚು ಮೂರು ಸಾವಿರದೊಳಗೇ ಮುಗಿಯಿತು. ಮೊದಲ ಜೋಡಿಯನ್ನು ಟಿ23ರ ಗೆಳೆಯನೇ ಏಳುನೂರಕ್ಕೆ ಕೊಂಡ. ಈಗ ಸಿಂಧನೂರಿನವರೊಬ್ಬರ 600ಎಕ್ಸ್ ಬಂದು ಕುಳಿತಿದೆ. ಅದರ ಬೋರ್ಡಿನಲ್ಲೇ 64 ಎಂಬಿ ಇರುವುದರಿಂದ 576 ಬರಬೇಕು, ಆದರೆ ಹದಿನಾರರ ಜೋಡಿಗೆ ಈಗ ಎರಡೂವರೆ ಸಾವಿರ ಕೇಳುತ್ತಿದ್ದಾರೆ.